ಖಾಲಿ ಡಬ್ಬಿ ಹಿಂತಿರುಗಿಸಬಾರದು

ನಮ್ಮ ಅಡುಗೆಮನೆಯಲ್ಲಿ ಮೆಂತ್ಯ ಹಾಕಿಡುವ ಒಂದು ಸ್ಟೀಲ್ ಡಬ್ಬಿ ಇದೆ. ಬುಡದಲ್ಲೊಂದು ನಗ್ಗು. ಮುಚ್ಚಳ ಬಿಗಿ, ತೆಗೆಯಲು ಚಮಚದ ತುದಿ ಬೇಕು. ಮೈಮೇಲೆ ಪಾತ್ರೆ ಅಂಗಡಿಯವರು ಟರ್ರೆನ್ನುವ ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಏನೋ ಕೊರೆದಿದ್ದಾರೆ. ಮನೆಯ ಉಳಿದ ಪಾತ್ರೆಗಳ ಮೇಲೆ ಅಮ್ಮನ ಹೆಸರೋ ಸೋದರತ್ತೆಯ ಹೆಸರೋ ಮದುವೆಯ ತಾರೀಖೋ ಇದೆ. ಇದರ ಮೇಲಿರುವುದು ಗುರುಮುಖಿ ಲಿಪಿ. ನನಗೆ ಓದಲು ಬರುವುದಿಲ್ಲ. ಎದುರುಮನೆಯವರ ಹೆಸರೇ ಇರಬೇಕೆಂದು ಇಪ್ಪತ್ತು ವರ್ಷ ಅಂದುಕೊಂಡಿದ್ದೆ.

ಎದುರುಮನೆ ಎಂದರೆ ಝಾನ್ಸಿ ಹತ್ತಿರದ ಬಬೀನಾ ಕಂಟೋನ್ಮೆಂಟಿನ ಎದುರುಮನೆ. 2000ದ ಜೂನ್. ಸಾಗರದ ಮಳೆ ಬಿಟ್ಟು ಬುಂದೇಲಖಂಡದ ಬಿಸಿಲಿಗೆ ಬಂದು ಬಿದ್ದ ಹೊಸ ಮದುಮಗಳು ನಾನು. ಇವರು ಆಗ ಫಿರಂಗಿ ದಳದಲ್ಲಿ ಕ್ಯಾಪ್ಟನ್. ಕರ್ನಾಟಕ ಎಕ್ಸ್‌ಪ್ರೆಸ್‌ನಿಂದ ಝಾನ್ಸಿಯಲ್ಲಿ ಇಳಿದು, ಸೈನ್ಯದ ಲಾರಿಯಲ್ಲಿ ಕಪ್ಪು ಟ್ರಂಕುಗಳ ಜೊತೆ ಅಲ್ಲಾಡುತ್ತ ಬಂದರೆ, ರೆಜಿಮೆಂಟಿನ ಗೇಟಿನಲ್ಲಿ ಚೆಂಡುಹೂ ಕಟ್ಟಿದ ಎತ್ತಿನ ಗಾಡಿ ನಿಂತಿತ್ತು. ಮುಂದೆ ಬ್ಯಾಂಡು, ಹಿಂದೆ ಭಾಂಗ್ಡಾ. ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಸೇರು ಒದ್ದು ಬಂದು ವಾರವಾಗಿತ್ತು. ಇಲ್ಲಿ ಮತ್ತೊಂದು ಮನೆ ನನ್ನನ್ನು ತುಂಬಿಸಿಕೊಳ್ಳುತ್ತಿದೆ ಎಂದು ಆಗ ತಿಳಿಯಲಿಲ್ಲ.

ಕ್ವಾರ್ಟರ್ಸ್‌ನಲ್ಲಿ ಒಬ್ಬ ಕೆಲಸದವಳು ಪೊರಕೆ ಹಿಡಿದು ಕಾದಿದ್ದಳು. ತಲೆ ತುಂಬ ಸೆರಗು, ಮೂಗಿನವರೆಗೆ ಇಳಿದಿದೆ. ಹಿಂದಿನ ಮೇಮ್‌ಸಾಬ್ ಸಂಬಳ ಕೊಡದೆ ಹೋದಳೆಂದು ಗೋಳಾಡಿದಳು. ನನ್ನದು ದೂರದರ್ಶನದಿಂದ ಕಲಿತ ಹಿಂದಿ. ಹೇಗೋ ಚೌಕಾಸಿ ಮಾಡಿ ತಿಂಗಳಿಗೆ 300 ರೂಪಾಯಿಗೆ ಒಪ್ಪಿಸಿದೆ, ಭಾನುವಾರವೂ ಬರಬೇಕೆಂದು ತಾಕೀತು ಬೇರೆ ಮಾಡಿದೆ. ಅಡುಗೆಯವನೆಂದು ಬಂದವನು ಚಹಾಕ್ಕೆ ಉಪ್ಪು ಹಾಕಿ ತಂದ. ಸಂಜೆ ಮೆಸ್‌ನಲ್ಲಿ ಸ್ವಾಗತ ಕೂಟ. ರೇಷ್ಮೆ ಸೀರೆ ಉಟ್ಟು, ಮುತ್ತಿನ ಸರ ಹಾಕಿ ಎದುರು ಬಂದು ಕೈ ಹಿಡಿದವಳು ಅದೇ ಕೆಲಸದವಳು. ಕಮಾಂಡಿಂಗ್ ಆಫೀಸರ್, ಅಂದರೆ ಸಿಒ ಹೆಂಡತಿ! ಉಪ್ಪಿನ ಚಹಾದವನು ಅಡ್ಜುಟೆಂಟ್ ಹುದ್ದೆಯ ಅಧಿಕಾರಿ. ಆ ಸ್ಟೇಷನ್ ಬಿಡುವವರೆಗೂ ಸಿಒ ಹೆಂಡತಿ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ತೀನ್ ಸೌ" ಎಂದರೆ ನಾನು ಓಡಿಹೋಗಬೇಕು.

ಹೊಸ ಹೆಂಡತಿಯನ್ನು ಹೀಗೆ ಗೋಳುಹೊಯ್ದುಕೊಳ್ಳುವುದು ಸೈನ್ಯದ ಹಳೆಯ ಸಂಪ್ರದಾಯ. ಒಂದೊಂದು ಯೂನಿಟ್‌ಗೂ ಒಂದೊಂದು ನಾಟಕವಿದೆ. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಗೇಲಿ ಮಾಡಿ ಹಾಡು ಹೇಳುತ್ತಿದ್ದರಲ್ಲ, ಅದರ ದಾಯಾದಿ ಇದು. ಬೀಗರ ಹಾಡು ಮುಗಿದ ಮೇಲೆ ಬಿಗುಮಾನ ಎಲ್ಲಿ ಉಳಿಯುತ್ತದೆ? ಎರಡು-ಮೂರು ವರ್ಷದಲ್ಲಿ ಎದ್ದುಹೋಗುವ ಜನಕ್ಕೆ ನಿಧಾನವಾಗಿ ಪರಿಚಯವಾಗುವಷ್ಟು ಪುರಸೊತ್ತಿಲ್ಲ. ಮೊದಲ ದಿನವೇ ಪೆದ್ದರಾಗಿಬಿಟ್ಟರೆ ಮುಂದಿನದು ಸಲೀಸು.

ಡಬ್ಬಿ ಬಂದದ್ದು ಆ ಮಧ್ಯಾಹ್ನ. ಹೊಸದಾಗಿ ಬಂದವರ ಮನೆಯಲ್ಲಿ ಮೊದಲ ದಿನ ಒಲೆ ಹಚ್ಚಲು ಬಿಡುವುದಿಲ್ಲ. ಗ್ಯಾಸ್ ಕನೆಕ್ಷನ್ ಆಗಿರುವುದಿಲ್ಲ, ಟ್ರಂಕು ಬಿಚ್ಚಿರುವುದಿಲ್ಲ, ಸೈನ್ಯದ ಎಂಜಿನಿಯರಿಂಗ್ ವಿಭಾಗವಾದ ಎಂಇಎಸ್‌ನವರು ಕೊಟ್ಟ ಮಂಚದ ಒಂದು ಕಾಲು ಗಿಡ್ಡ. ಹಾಗಾಗಿ ತಿಂಡಿ ಒಬ್ಬರ ಮನೆಯಿಂದ, ಊಟ ಇನ್ನೊಬ್ಬರ ಮನೆಯಿಂದ, ರಾತ್ರಿಯದು ಮತ್ತೊಬ್ಬರಿಂದ. ಯಾರು ಯಾವುದು ಎಂದು ಹೆಂಗಸರು ಮೊದಲೇ ಮಾತಾಡಿಕೊಂಡಿರುತ್ತಾರೆ. ಎದುರುಮನೆಯ ಮೇಜರ್ ಹೆಂಡತಿಯ ಪಾಲಿಗೆ ಊಟ ಬಂದಿತ್ತು. ಬಟ್ಟೆಯಲ್ಲಿ ಸುತ್ತಿದ ಆಲೂ ಪರಾಠ, ಮೇಲೆ ಮಾವಿನ ಉಪ್ಪಿನಕಾಯಿ.

ಮರುದಿನ ಡಬ್ಬಿ ತೊಳೆದು ಒರೆಸಿ ಹೊರಟವಳಿಗೆ ಅಮ್ಮನ ದನಿ ಕೇಳಿಸಿತು. ಕೊಟ್ಟವರಿಗೆ ಪಾತ್ರೆ ಖಾಲಿ ಕೊಡಬಾರದು, ನಾಲ್ಕು ಕಾಳು ಸಕ್ಕರೆಯಾದರೂ ಹಾಕು. ಟ್ರಂಕಿನಲ್ಲಿ ಊರಿನಿಂದ ತಂದ ತೊಡೆದೇವು ಇತ್ತು. ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನ ಹಿಟ್ಟು ತೊಡೆದು ಕಾಗದದಷ್ಟು ತೆಳ್ಳಗೆ ಎಬ್ಬಿಸುವ ಸಿಹಿ. ಪ್ರಯಾಣದಲ್ಲಿ ಅರ್ಧ ಪುಡಿಯಾಗಿತ್ತು. ಅವರು ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದನ್ನು ತಿನ್ನುವುದೋ, ಇದರ ಮೇಲೆ ಬರೆಯುವುದೋ?" ಎಂದರು. ವಾರದ ನಂತರ ಡಬ್ಬಿಯಲ್ಲಿ ಅವರ ಕಡೆಯ ಸಿಹಿ, ಪಂಜೀರಿ ಬಂತು. ನಾನು ಕೋಡುಬಳೆ ಕಳಿಸಿದೆ. ಹೀಗೆ ಮೂರು ವರ್ಷ ಅದು ರಸ್ತೆ ದಾಟುತ್ತಲೇ ಇತ್ತು. ಮೊದಲು ನಾನು ಅವರನ್ನು "ಮ್ಯಾಮ್" ಎನ್ನುತ್ತಿದ್ದೆ. ಯಾವಾಗ ಅದು "ದೀದಿ" ಆಯಿತೋ ನೆನಪಿಲ್ಲ.

ಈ "ಮ್ಯಾಮ್" ಬಗ್ಗೆ ಎರಡು ಮಾತು ಹೇಳಲೇಬೇಕು. ಸೈನ್ಯದ ಹೆಂಗಸರಿಗೆ ರ‍್ಯಾಂಕ್ ಇಲ್ಲ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ತಿಂಗಳಿಗೊಮ್ಮೆ ನಡೆಯುವ ಲೇಡೀಸ್ ಮೀಟ್‌ಗೆ ಹೋಗಿ ನೋಡಿ. ಎಲ್ಲರೂ ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದಿರುತ್ತಾರೆ. ಫಸ್ಟ್ ಲೇಡಿ ಎನಿಸಿಕೊಂಡ ಸಿಒ ಹೆಂಡತಿ ಒಳಗೆ ಬಂದಾಗ ಇಡೀ ಕೋಣೆ ಎದ್ದು ನಿಲ್ಲುತ್ತದೆ. ಸೋಫಾ ಯಾರಿಗೆ, ಕುರ್ಚಿ ಯಾರಿಗೆ ಎಂದು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಸಮೋಸದ ಟ್ರೇ ಕೂಡ ಗಂಡಂದಿರ ಹೆಗಲ ಮೇಲಿನ ನಕ್ಷತ್ರ ಎಣಿಸಿಕೊಂಡೇ ಸಾಗುತ್ತದೆ. ಆಮೇಲೆ ತಂಬೋಲ. ನಂಬರ್ ಕೂಗುವವಳು 88 ಬಂದಾಗ "ದಪ್ಪ ಹೆಂಗಸರಿಬ್ಬರು" ಎನ್ನುತ್ತಾಳೆ, ದಪ್ಪ ಇದ್ದವರೂ ನಗಬೇಕು.

ಗೇಟಿನ ಬಳಿ ವಿಸಿಟಿಂಗ್ ಕಾರ್ಡಿನ ಪೆಟ್ಟಿಗೆ ತೂಗುಹಾಕಿ, ಹೊಸಬರು ಮನೆ ಮನೆಗೆ ಹೋಗಿ ಚೀಟಿ ಹಾಕಿ ಬರುತ್ತಿದ್ದ ಬ್ರಿಟಿಷರ ಕಾಲದ ಪದ್ಧತಿಯ ಪಳೆಯುಳಿಕೆಗಳು ಇವು. ಪೆಟ್ಟಿಗೆ ಹೋಯಿತು, ಹೊಸಬರು ಸಿಒ ಮನೆಗೆ ಹೋಗಿ ಚಹಾ ಕುಡಿದು ಬರುವ "ಕಾಲಿಂಗ್ ಆನ್" ಉಳಿಯಿತು. ಅದರಲ್ಲಿ ನನಗೇನೂ ತಕರಾರಿಲ್ಲ. ತಕರಾರಿರುವುದು ಬೇರೆ ಕಡೆ. ಅಧಿಕಾರಿಗಳ ಹೆಂಡಂದಿರದು ಲೇಡೀಸ್ ಮೀಟ್. ಜವಾನರ ಹೆಂಡಂದಿರದು ಫ್ಯಾಮಿಲಿ ವೆಲ್‌ಫೇರ್ ಮೀಟ್. ಅಲ್ಲಿ ನಾವು ವೇದಿಕೆಯ ಮೇಲೆ, ಅವರು ಜಮಖಾನದ ಮೇಲೆ. ಹೊಲಿಗೆ, ಲಸಿಕೆ, ಬ್ಯಾಂಕ್ ಖಾತೆಯ ಬಗ್ಗೆ ನಾವು ಹೇಳುತ್ತೇವೆ, ಅವರು ಕೇಳುತ್ತಾರೆ. ಇಪ್ಪತ್ತನಾಲ್ಕು ವರ್ಷದ ನಾನು ಮೂರು ಮಕ್ಕಳ ತಾಯಿಗೆ ಮಗುವಿನ ಆರೈಕೆ ಬಗ್ಗೆ ಚೀಟಿ ನೋಡಿಕೊಂಡು ಭಾಷಣ ಮಾಡಿದ್ದೇನೆ. ಆಕೆ ತಾಳ್ಮೆಯಿಂದ ಕೇಳಿದಳು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇನ್ನೊಂದು ಸ್ಟೇಷನ್ನಿನಲ್ಲಿ ದೊಡ್ಡವರೊಬ್ಬರ ಭೇಟಿಗೆಂದು ಜವಾನರ ಹೆಂಡತಿಯರಿಗೆ ಹದಿನೈದು ದಿನ ಕುಣಿತದ ತಾಲೀಮು ಮಾಡಿಸಿದ್ದರು, ಬಸುರಿಯೊಬ್ಬಳೂ ಅದರಲ್ಲಿದ್ದಳು. ಅದು ತಪ್ಪು ಎಂದು ನಾವು ನಾಲ್ಕು ಜನ ಒಬ್ಬರಿಗೊಬ್ಬರು ಹೇಳಿಕೊಂಡೆವು. ಹೇಳಬೇಕಾದವರಿಗೆ ಹೇಳಲಿಲ್ಲ.

ಹೆಂಗಸರ ಈ ಸರಪಳಿಗೆ ಹೆಸರು ಬಂದದ್ದು 1966ರಲ್ಲಿ, ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್ ಶುರುವಾದಾಗ. ಎಲ್ಲರ ಬಾಯಲ್ಲಿ ಅದು "ಆವ್ವಾ". 1962 ಮತ್ತು 1965ರ ಎರಡು ಯುದ್ಧ ಕಳೆದಿದ್ದವು. ವಿಧವೆಯರ, ಅಂಗವಿಕಲರಾದವರ ಮನೆಗಳ ಕಷ್ಟ ಕಣ್ಣೆದುರಿಗಿತ್ತು. ವಿಶೇಷ ಮಕ್ಕಳಿಗಾಗಿ ನಡೆಯುವ ಆಶಾ ಶಾಲೆಗಳಿಂದ ಅದು ಮಾಡಿದ ಒಳ್ಳೆಯ ಕೆಲಸ ನನಗೆ ಗೊತ್ತು; ದೀದಿಯ ಎರಡನೇ ಮಗ ಅಂಥದೊಂದು ಶಾಲೆಗೆ ಹೋಗುತ್ತಿದ್ದ. ಸಂಘದ ಅಧ್ಯಕ್ಷೆ ಸೇನಾ ಮುಖ್ಯಸ್ಥರ ಪತ್ನಿ. ಅಲ್ಲಿಂದ ಕೆಳಗೆ ಯೂನಿಟ್‌ವರೆಗೆ ಗಂಡನ ಹುದ್ದೆಯ ಹಿಂದೆಯೇ ಹೆಂಡತಿಯ ಜವಾಬ್ದಾರಿ. ನೇಮಕಪತ್ರವಿಲ್ಲ, ಸಂಬಳವಿಲ್ಲ, ಬೇಡ ಎನ್ನುವ ರೂಢಿಯೂ ಇಲ್ಲ. ಈಗ ಇದಕ್ಕೊಂದು ತಮಾಷೆಯ ತೊಡಕು ಬಂದಿದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ ಕೊಡಬೇಕೆಂದಿತು. 2023ರಿಂದ ಹೆಣ್ಣುಮಕ್ಕಳು ಕರ್ನಲ್‌ಗಳಾಗಿ ಯೂನಿಟ್‌ಗಳನ್ನು ನಡೆಸುತ್ತಿದ್ದಾರೆ. ಸಿಒ ಹೆಂಗಸಾದರೆ ಫಸ್ಟ್ ಲೇಡಿ ಯಾರು? ಬೇರೆ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಗಂಡ ರಜೆ ಹಾಕಿ ಬಂದು ತಂಬೋಲ ಕೂಗಬೇಕೆ? ನೋಡುವ ಆಸೆ ನನಗಂತೂ ಇದೆ.

ಸಂಘ ಹುಟ್ಟುವ ಮೊದಲೂ ಈ ಕೆಲಸ ನಡೆಯುತ್ತಿತ್ತು. 1935ರ ಮೇ 31ರಂದು ಕ್ವೆಟ್ಟಾದಲ್ಲಿ ಭೂಕಂಪವಾದಾಗ, ಮುಂದೆ ಜನರಲ್ ಆದ ಕೊಡಗಿನ ತಿಮ್ಮಯ್ಯ ಅಲ್ಲಿದ್ದರು. ಅದೇ ವರ್ಷ ಮದುವೆಯಾಗಿದ್ದ ನೀನಾ ತಿಮ್ಮಯ್ಯ ಗಾಯಾಳುಗಳ ಸೇವೆಗೆ ಇಳಿದರು. ಅದಕ್ಕಾಗಿ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಹೊಸ ಮದುಮಗಳಾಗಿ ಬಬೀನಾಕ್ಕೆ ಬಂದು ಕೆಲಸದವಳ ಸಂಬಳಕ್ಕೆ ಚೌಕಾಸಿ ಮಾಡಿದವಳಿಗೆ ಈ ಸಂಗತಿ ಓದಿದಾಗ ಸ್ವಲ್ಪ ಇರುಸುಮುರುಸಾಯಿತು.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಸ್ವಲ್ಪ ದಿನಗಳಲ್ಲೇ ಬಬೀನಾದ ಟ್ಯಾಂಕುಗಳು, ಫಿರಂಗಿಗಳು ರೈಲು ಹತ್ತಿ ರಾಜಸ್ಥಾನದ ಕಡೆ ಹೊರಟವು. ಆಪರೇಷನ್ ಪರಾಕ್ರಮ. ಗಂಡಸರು ಬೂಟು ಹಾಕಿಕೊಳ್ಳುತ್ತ "ಹದಿನೈದು ದಿನ" ಎಂದರು. ಹಿಂದೆ ಸರಿಯುವ ತೀರ್ಮಾನವಾದದ್ದು 2002ರ ಅಕ್ಟೋಬರ್‌ನಲ್ಲಿ. ಆ ಹತ್ತು ತಿಂಗಳು ಕಂಟೋನ್ಮೆಂಟ್ ಹೆಂಗಸರ ಊರಾಗಿತ್ತು.

ಆ ದಿನಗಳಲ್ಲಿ ಗೆಳೆತನ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ದೀದಿಯ ಕೈನೆಟಿಕ್ ಹೋಂಡಾ ಸ್ಕೂಟರು ಎನ್ನುತ್ತೇನೆ. ಅದರ ಬೀಗದ ಕೈ ಅವರ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಯಾರ ಮಗುವಿಗೆ ರಾತ್ರಿ ಜ್ವರ ಏರಿದರೂ ಕೈ ಹಾಕಿ ಕೀ ತೆಗೆದುಕೊಂಡು ಮಿಲಿಟರಿ ಆಸ್ಪತ್ರೆಗೆ ಹೋಗಬಹುದು. ಎಬ್ಬಿಸಿ ಕೇಳಬೇಕಾಗಿಲ್ಲ. ಕೇಳಿದರೇ ಬೈಗುಳ. ಪೆಟ್ರೋಲು ಯಾರು ಹಾಕಿಸುತ್ತಿದ್ದರೋ ಗೊತ್ತಿಲ್ಲ, ಅದು ಎಂದೂ ಖಾಲಿಯಾಗಿ ನಿಲ್ಲಲಿಲ್ಲ.

ಫೋನಿನದು ಇನ್ನೊಂದು ವ್ಯವಸ್ಥೆ. ಗಡಿಯಲ್ಲಿ ಗಂಡಸರು ಸಾಲು ನಿಂತು ಸರದಿಯ ಮೇಲೆ ಎರಡು ನಿಮಿಷ ಮಾತಾಡಬೇಕು. ಒಬ್ಬಳಿಗೆ ಕರೆ ಬಂದರೆ ಆಕೆ ತನ್ನ ಸುಖದುಃಖಕ್ಕೆ ಒಂದು ನಿಮಿಷ, ಇನ್ನೊಂದು ನಿಮಿಷ "ಅವರು ಹೇಗಿದ್ದಾರೆ, ಇವರು ಹೇಗಿದ್ದಾರೆ" ಎಂದು ಕೇಳುವುದಕ್ಕೆ. ಆಮೇಲೆ ಚಪ್ಪಲಿ ಮೆಟ್ಟಿ ಮನೆ ಮನೆಗೆ ಹೋಗಿ ಹೇಳಿ ಬರಬೇಕು. ಅದೂ ಒಂದು ಕ್ರಮದಲ್ಲಿ. ಒಬ್ಬಳೇ, ನಡೆದುಕೊಂಡು, ದೂರದಿಂದಲೇ ನಗುತ್ತ ಬರಬೇಕು. ಕೆಟ್ಟ ಸುದ್ದಿಯಿದ್ದರೆ ಜೀಪು ಬರುತ್ತಿತ್ತು, ಅಧಿಕಾರಿಯ ಜೊತೆ ಹಿರಿಯ ಹೆಂಗಸೊಬ್ಬರು ಇರುತ್ತಿದ್ದರು. ಹಾಗಾಗಿ ಸುಮ್ಮನೆ ಮಾತಾಡಿಸಲು ಹೋಗುವಾಗಲೂ ಇಬ್ಬರು ಒಟ್ಟಿಗೆ ಯಾರ ಮನೆ ಬಾಗಿಲಿಗೂ ಹೋಗುತ್ತಿರಲಿಲ್ಲ. ಈಗಲೂ ನನಗೆ ಇಬ್ಬರು ಜೊತೆಯಾಗಿ ಗೇಟು ತೆಗೆದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅವರು ಮತ ಕೇಳಲು ಬಂದವರಾಗಿರುತ್ತಾರೆ.

ಎಲ್ಲರೂ ಅಕ್ಕತಂಗಿಯರಂತೆ ಇದ್ದೆವು ಎಂದರೆ ಸುಳ್ಳಾಗುತ್ತದೆ. ನೀರಿನ ಟ್ಯಾಂಕರಿಗೆ ಜಗಳವಾಗಿದೆ. ಯಾರಿಗೆ ಎಷ್ಟು ಸಲ ಫೋನ್ ಬಂತೆಂದು ಎಣಿಸಿ ಮುಖ ದಪ್ಪ ಮಾಡಿಕೊಂಡದ್ದಿದೆ. ಪಕ್ಕದ ಬ್ಲಾಕಿನ ಒಬ್ಬಾಕೆಯ ಜೊತೆ ನನಗೆ ಹತ್ತು ತಿಂಗಳೂ ಕೂಡಿಬರಲಿಲ್ಲ, ಈಗಲೂ ಇಲ್ಲ. ಆದರೂ ಆಕೆಯ ಮಗನಿಗೆ ಗಣಿತ ಹೇಳಿಕೊಟ್ಟೆ, ಆಕೆ ನನ್ನ ಪಡಿತರ ತಂದುಹಾಕಿದಳು. ಇಷ್ಟವಿಲ್ಲದವರ ಜೊತೆಗೂ ಹೀಗೆ ಬದುಕಬಹುದು ಎನ್ನುವುದು ನನಗೆ ಆಗ ಹೊಸ ಸಂಗತಿ.

ನಮ್ಮ ರೆಜಿಮೆಂಟಿನಲ್ಲಿ ಗದಗದ ಕಡೆಯ ಒಬ್ಬ ನಾಯಕ್ ಇದ್ದ. ಅವನ ಹೆಂಡತಿ ವೆಲ್‌ಫೇರ್ ಮೀಟ್‌ನಲ್ಲಿ ಮಗುವನ್ನು "ಸುಮ್ನಿರಲೇ" ಎಂದು ಗದರಿದ್ದು ಕೇಳಿ ನಾನು ವೇದಿಕೆಯಿಂದ ಇಳಿದೇಬಿಟ್ಟಿದ್ದೆ. ಅಲ್ಲಿಯವರೆಗೆ ಮೇಮ್‌ಸಾಬ್ ಆಗಿದ್ದವಳು ಮನೆಯೊಳಗೆ "ಅಕ್ಕಾರ" ಆದೆ. ಹೊರಗೆ, ನಾಲ್ಕು ಜನರೆದುರು, ಮತ್ತೆ ಮೇಮ್‌ಸಾಬ್. ಎಷ್ಟು ಹೇಳಿದರೂ ಆಕೆ ಅದನ್ನು ಬಿಡಲಿಲ್ಲ. ಬಿಟ್ಟರೆ ಮಾತು ಕೇಳಬೇಕಾದವಳು ಆಕೆ, ನಾನಲ್ಲ.

2002ರ ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬ ಬಂತು. ಮದುವೆಯಾದ ಮೇಲೆ ನಾನೇ ಮಾಡುವ ಬಾಗಿನ. ಮೊರ ಸಿಗದೆ ಝಾನ್ಸಿ ಪೇಟೆಯಲ್ಲಿ ಅಲೆದು ಬಿದಿರಿನ ಬುಟ್ಟಿ ತಂದೆ. ಗದಗದವಳು ಬಂದು ಅರಿಶಿನ ಕುಂಕುಮ, ಬಳೆ, ಬೇಳೆ ಜೋಡಿಸಿಕೊಟ್ಟಳು. "ನಮ್ಮ ಕಡೆ ಈಗ ಇದಿಲ್ರಿ ಅಕ್ಕಾರ, ನಮ್ಮ ಗೌರಿ ಬರೋದು ಹುಣ್ಣಿವಿಗೆ, ಸಕ್ಕರಿ ಆರತಿ ತಗೊಂಡು" ಎಂದು ಹೇಳುತ್ತಲೇ ಕೆಲಸ ಮಾಡಿದಳು. ಸಂಜೆ ಪಂಜಾಬಿ, ಗಢವಾಲಿ, ಮಲಯಾಳಿ, ಮಣಿಪುರಿ ಎಂದು ಹನ್ನೆರಡು ಹೆಂಗಸರು ಬಂದರು. ಕರ್ವಾ ಚೌತ್‌ಗೆ ಅವರ ಜೊತೆ ನಾನೂ ಉಪವಾಸ ಕೂತು ಜರಡಿಯಲ್ಲಿ ಚಂದ್ರನನ್ನು ನೋಡಿದ್ದೆ, ಇದು ಅದರ ಮುಯ್ಯಿ.

ಬಾಗಿಲ ಹೊರಗೆ ಜಗಲಿಯಲ್ಲಿ ಒಬ್ಬಳು ಕುಳಿತಿದ್ದಳು. ಹವಾಲ್ದಾರನ ಹೆಂಡತಿ. ಅವನು ಮೇ ತಿಂಗಳಲ್ಲಿ ನೆಲಬಾಂಬು ಸಿಡಿದು ಹೋಗಿದ್ದ. ಯುದ್ಧ ನಡೆಯಲೇ ಇಲ್ಲ, ಆದರೆ ಗಡಿಯುದ್ದಕ್ಕೂ ಹುಗಿದ ನೆಲಬಾಂಬುಗಳಿಗೆ ಅದು ಗೊತ್ತಿರಲಿಲ್ಲ. ಮಗಳ ಪರೀಕ್ಷೆ ಮುಗಿಯಲೆಂದು ಆಕೆ ಕ್ವಾರ್ಟರ್ಸ್‌ನಲ್ಲೇ ಉಳಿದಿದ್ದಳು. ಮಗಳನ್ನು ಒಳಗೆ ಕಳಿಸಿ ತಾನು ಹೊರಗೆ ಕೂತಿದ್ದಳು. ನನ್ನ ಕೈಯಲ್ಲಿ ಕುಂಕುಮದ ಬಟ್ಟಲು. ನಮ್ಮ ಮನೆಯಲ್ಲಿ ಅಜ್ಜಿಗೆ ಯಾರೂ ಕುಂಕುಮ ಹಚ್ಚುತ್ತಿರಲಿಲ್ಲ, ಅಜ್ಜಿಯೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಕಾಣದವಳಂತೆ ಇದ್ದುಬಿಡುತ್ತಿದ್ದೆನೇನೋ.

ಗದಗದವಳು ಹಿಂದೆ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ಆಕೀಗ್ ಮೊದ್ಲ ಕೊಡ್ರಿ ಅಕ್ಕಾರ. ಆಮ್ಯಾಲ ನಮಗ."

ಕೊಟ್ಟೆ. ಆಕೆ ಬೇಡ ಬೇಡ ಎಂದಳು. ದೀದಿ ಬಂದು ಆಕೆಯ ಪಕ್ಕ ಜಗಲಿಯ ಮೇಲೇ ಕುಳಿತರು, ಅವರ ಹಿಂದೆ ಉಳಿದವರು. ಮೇಜರ್ ಹೆಂಡತಿ, ಕ್ಯಾಪ್ಟನ್ ಹೆಂಡತಿ, ನಾಯಕ್ ಹೆಂಡತಿ, ಎಲ್ಲ ಒಂದೇ ಜಗಲಿ. ಅವತ್ತು ಕುರ್ಚಿ ಹಾಕಿರಲಿಲ್ಲ. ಮುಂದಿನ ತಿಂಗಳ ಮೀಟ್‌ನಲ್ಲಿ ಮತ್ತೆ ಹಾಕಿದರು, ಅದೂ ಹೇಳಬೇಕು.

ಪೋಸ್ಟಿಂಗ್ ಬಂದಾಗ ಸೈನ್ಯದ ಮನೆ ಖಾಲಿಯಾಗುವುದನ್ನು ನೋಡಬೇಕು. ತೊಗರಿಬೇಳೆ, ಅರ್ಧ ಚೀಲ ಅಕ್ಕಿ, ತುಳಸಿ ಕುಂಡ ಪಕ್ಕದವರಿಗೆ. ಕರಿಬೇವಿನ ಗಿಡ ಮುಂದೆ ಬರುವವರಿಗೆ. ಉತ್ತರದಲ್ಲಿ ಅದು ನಾವು ದಕ್ಷಿಣದವರು ಬಿಟ್ಟುಹೋಗುವ ಗುರುತು. ಇವೆಲ್ಲಕ್ಕಿಂತ ದೊಡ್ಡ ವಹಿವಾಟು ಪರದೆಯದು. ಒಂದು ಸ್ಟೇಷನ್ನಿನ ಕಿಟಕಿ ಇನ್ನೊಂದರ ಅಳತೆಯಲ್ಲಿ ಇರುವುದಿಲ್ಲ. ಉದ್ದದ್ದು ಗಿಡ್ಡವಾಗುತ್ತದೆ, ಗಿಡ್ಡದ್ದು ಮೊಣಕಾಲಿಗೆ ಬರುತ್ತದೆ. ಹೀಗಾಗಿ ಪರದೆಗಳು ಮನೆಯಲ್ಲೇ ಉಳಿದು ಹೆಂಗಸರು ಬದಲಾಗುತ್ತಾರೆ. ತೇಜ್‌ಪುರದಲ್ಲಿ ನನಗೆ ಸಿಕ್ಕ ಹಸಿರು ಪರದೆಯ ಅಂಚನ್ನು ಮೂರು ಕೈ ಹೊಲಿದಿದ್ದವು. ಮೂರು ಬಣ್ಣದ ದಾರ. ನಾಲ್ಕನೆಯದು ನನ್ನದು, ಬಿಳಿ. ಅಷ್ಟು ಸೊಟ್ಟಗೆ ಹೊಲಿದವಳು ಯಾರೆಂದು ಮುಂದಿನವಳು ಕೇಳಿರುತ್ತಾಳೆ.

ಬೀಳ್ಕೊಡುಗೆಗೆ ಬೆಳ್ಳಿ ಬಣ್ಣದ ಟ್ರೇ, ಅದರ ಮೇಲೆ ಯೂನಿಟ್‌ನ ಲಾಂಛನ. ಯಾರಾದರೊಬ್ಬರು ಹೋಗುವವಳ ಬಗ್ಗೆ ಹಾಸ್ಯದ ಭಾಷಣ ಮಾಡುತ್ತಾರೆ. ನನ್ನದರಲ್ಲಿ ಮುನ್ನೂರು ರೂಪಾಯಿ ಬಂತು. ಆಮೇಲೆ ಅತ್ತು, ವಿಳಾಸ ಬರೆದುಕೊಂಡು, 56 ಎಪಿಒ ಎಂಬ ಸೈನ್ಯದ ಅಂಚೆ ವಿಳಾಸಕ್ಕೆ ಒಂದೆರಡು ವರ್ಷ ಕಾಗದ ಹಾಕಿ, ಹೊಸವರ್ಷಕ್ಕೆ ಕಾರ್ಡು ಕಳಿಸಿ, ಆಮೇಲೆ ಅದೂ ನಿಂತು, ಯಾರು ಎಲ್ಲಿ ಎಂದು ತಿಳಿಯದಾಯಿತು. ಇವರು ಕಾಶ್ಮೀರದಲ್ಲಿದ್ದಾಗ ನಾನು ಎಸ್‌ಎಫ್ ಕ್ವಾರ್ಟರ್ಸ್‌ನಲ್ಲಿದ್ದೆ, ಗಂಡ ಫೀಲ್ಡಿನಲ್ಲಿರುವ ಸಂಸಾರಗಳಿಗೆಂದೇ ಇರುವ ಮನೆಗಳು. ಅಲ್ಲಿ ಬೇರೆ ದೀದಿ, ಬೇರೆ ಸ್ಕೂಟರು.

ವಾಟ್ಸ್ಆ್ಯಪ್ ಬಂದ ಮೇಲೆ ಬಬೀನಾದವರು ಒಬ್ಬೊಬ್ಬರಾಗಿ ಸಿಕ್ಕರು. ದಿನವೂ ಗುಡ್ ಮಾರ್ನಿಂಗ್ ಹೂವು, ಮೊಮ್ಮಕ್ಕಳ ಫೋಟೊ. ನಾನು ಓದದೆ ಅಳಿಸುತ್ತೇನೆ. 2016ರ ಫೆಬ್ರುವರಿಯಲ್ಲಿ ಮಾತ್ರ ಆ ಗುಂಪು ಬೇರೆಯಾಗಿತ್ತು. ಸಿಯಾಚಿನ್ ಹಿಮಕುಸಿತದಲ್ಲಿ ಆರು ದಿನ ಹುದುಗಿದ್ದ, ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕ ಸುದ್ದಿ ಬಂದಾಗ, ಹೂವಿನ ಚಿತ್ರಗಳು ನಿಂತುಹೋದವು. ಲೂಧಿಯಾನ, ಪಾಲಕ್ಕಾಡ್, ಇಂಫಾಲದಿಂದ "ಈಗ ಹೇಗಿದೆ? ನಿಮ್ಮ ಕಡೆಯವನಲ್ಲವೇ?" ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇನೋ ಪಕ್ಕದ ಮನೆಯವಳು ಎಂಬಂತೆ. 11ರಂದು ಅವರು ತೀರಿಕೊಂಡರು. ಗದಗದವಳು ಬೆಟದೂರಿಗೆ ಹೋಗಿ ಬಂದಳು. ಪರಿಚಯವಿರಲಿಲ್ಲ. "ಹೋಗ್ಬೇಕಲ್ರೀ" ಎಂದಳು, ಅಷ್ಟೇ.

ಇವರು ನಿವೃತ್ತರಾಗಿ ಈಗ ನಾವು ಬೆಂಗಳೂರಿನಲ್ಲಿದ್ದೇವೆ. ತಿಂಗಳಿಗೊಮ್ಮೆ ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲುತ್ತೇನೆ. ಕಳೆದ ವರ್ಷ ಆ ಸಾಲಿನಲ್ಲಿ ನನ್ನ ಮುಂದೆ ಬಿಳಿ ಗಡ್ಡದ ಸರ್ದಾರ್ಜಿ ಇದ್ದರು, ನಿವೃತ್ತ ಸುಬೇದಾರ್. ಟೋಕನ್ 140, ಕರೆಯುತ್ತಿರುವುದು 96. ಮಾತಿಗೆ ಮಾತು ಬಂದು, ಮೊಬೈಲಿನಲ್ಲಿದ್ದ ಡಬ್ಬಿಯ ಫೋಟೊ ತೋರಿಸಿ ಇದೇನು ಹೆಸರು ಎಂದು ಕೇಳಿದೆ. ಅವರು ಕನ್ನಡಕ ಮೇಲೇರಿಸಿ, ಚುಕ್ಕಿಗಳನ್ನು ದೊಡ್ಡದು ಮಾಡಿ ಓದಿದರು.

"ಹೆಸರಲ್ಲ ಬೇಟಾ. ಮಾಮಾಜಿ ಕಡೆಯಿಂದ ಅಂತಿದೆ. ಮದುವೆಯ ಉಡುಗೊರೆ."

ಸಾಲಿನಲ್ಲಿ ನಿಂತೇ ಲೂಧಿಯಾನಕ್ಕೆ ಫೋನ್ ಮಾಡಿದೆ. ದೀದಿ, ನಿಮ್ಮ ಸೋದರಮಾವ ಮದುವೆಗೆ ಕೊಟ್ಟ ಡಬ್ಬಿ ನನ್ನ ಹತ್ತಿರ ಉಳಿದುಬಿಟ್ಟಿದೆ, ಇಪ್ಪತ್ತು ವರ್ಷವಾಯಿತು, ಏನಾದರೂ ತುಂಬಿ ಕಳಿಸುತ್ತೇನೆ ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು.

"ನನಗೆ ಸೋದರಮಾವನೇ ಇಲ್ಲ ಕಣೇ. ಅದು ಜಾಮ್‌ನಗರದಲ್ಲಿ ನಮ್ಮ ಪಕ್ಕದ ಮನೆಯವಳದು. ಬರಿದೇ ಹೇಗೆ ಕೊಡುವುದು, ಏನಾದರೂ ಮಾಡಿ ಹಾಕಿಕೊಡೋಣ ಎಂದು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಬಬೀನಾಕ್ಕೆ ಪೋಸ್ಟಿಂಗ್ ಬಂತು."